ಮಲಗಿಸಿಟ್ಟ ಪ್ರತಿಮೆ, ಇಳಿಯೋ ನೆಲ: ಮ್ಯೂಸಿಯಂಗಳು ನಮ್ಮ ನೆನಪನ್ನ ಹೇಗೆ ಕಟ್ತಾವೆ

ಇಂಗ್ಲೆಂಡ್‌ನ ಬ್ರಿಸ್ಟಲ್ ಊರಿನ ಎಂ ಶೆಡ್ ಮ್ಯೂಸಿಯಂನಲ್ಲಿ ಒಂದು ಕಂಚಿನ ಪ್ರತಿಮೆನ ಮಲಗಿಸಿಟ್ಟಿದಾರೆ. ಎಡ್ವರ್ಡ್ ಕೋಲ್‌ಸ್ಟನ್‌ದು. 17ನೇ ಶತಮಾನದ ವ್ಯಾಪಾರಿ, ಆಫ್ರಿಕಾದ ಜನರನ್ನ ಹಡಗಿಗೆ ತುಂಬಿ ಗುಲಾಮರಾಗಿ ಮಾರ್ತಿದ್ದ ಕಂಪನಿಲಿ ದೊಡ್ಡ ಹುದ್ದೇಲಿ ಇದ್ದೋನು, ಹಂಗೆ ದುಡಿದ ದುಡ್ಡಲ್ಲಿ ಊರಿಗೆ ದಾನಧರ್ಮ ಮಾಡಿ ಪುಣ್ಯಾತ್ಮ ಅನ್ನಿಸ್ಕೊಂಡೋನು. 1895ರಲ್ಲಿ ಊರಿನ ನಡುವೆ ಅವನ ಪ್ರತಿಮೆ ನಿಲ್ಲಿಸಿ, ಈ ಊರಿನ ಸದ್ಗುಣಿ, ವಿವೇಕಿ ಮಗ ಅನ್ನೋ ಅರ್ಥ ಬರೋ ಹಾಗೆ ಕೆಳಗೆ ಫಲಕ ಹಾಕಿದ್ರು. 2020ರ ಜೂನ್ 7ಕ್ಕೆ ವರ್ಣಭೇದದ ವಿರುದ್ಧ ಪ್ರತಿಭಟನೆಗೆ ಸೇರಿದ ಜನ ಅದಕ್ಕೆ ಹಗ್ಗ ಕಟ್ಟಿ ಎಳೆದು ಬೀಳಿಸಿ, ಉರುಳಿಸ್ಕೊಂಡು ಹೋಗಿ ಬಂದರಿನ ನೀರಿಗೆ ಎಸೆದ್ರು. ಆಮೇಲೆ ನೀರಿಂದ ಎತ್ತಿದಾಗ ಅದರ ಒಳಗಿಂದ ಒಂದು ಸೈಕಲ್ ಟೈರ್ ಕೂಡ ಸಿಕ್ತಂತೆ. ಮ್ಯೂಸಿಯಂನವರು ಕೆಸರು ತೊಳೆದ್ರು, ಆದ್ರೆ ಪ್ರತಿಭಟನೆಗೆ ಬಂದೋರು ಹೊಡೆದಿದ್ದ ಸ್ಪ್ರೇ ಪೇಂಟ್‌ನ ಮುಟ್ಲಿಲ್ಲ, ಅದು ಉದುರಿ ಹೋಗದ ಹಾಗೆ ಜೋಪಾನ ಮಾಡಿದ್ರು.

ಮುಂದೇನು ಮಾಡೋಣ ಅಂತ ಊರಿನವರನ್ನ ಕೇಳಿದ್ರೆ ಸುಮಾರು 14,000 ಜನ ಉತ್ತರ ಕೊಟ್ರು, ಅದರಲ್ಲಿ ಊರಿನವರಲ್ಲೇ ಐದಕ್ಕೆ ನಾಲ್ಕು ಜನ ಮ್ಯೂಸಿಯಂನಲ್ಲಿ ಇಡಿ ಅಂದ್ರು. ಇಟ್ಟಿದಾರೆ, 2024ರಿಂದ ಕಾಯಂ ಆಗಿ. ಆದ್ರೆ ನಿಲ್ಲಿಸಿ ಇಟ್ಟಿಲ್ಲ, ಮಲಗಿಸಿ ಇಟ್ಟಿದಾರೆ.

ನಂಗೆ ಈ ಇಡೀ ವಿಷಯದಲ್ಲಿ ಮುಖ್ಯ ಅನ್ಸೋದು ಇದೇ. ಅದೇ ಕಂಚು, ಅದೇ ಮುಖ, ಅದೇ ಕೋಟು. ಬೀದಿಲಿ ನಿಂತಿದ್ದಾಗ ನಾವು ತಲೆ ಎತ್ತಿ ನೋಡ್ಬೇಕಿತ್ತು, ಈಗ ಬಗ್ಗಿ ನೋಡ್ತೀವಿ. 90 ಡಿಗ್ರಿ ತಿರುಗಿಸಿದ್ದಕ್ಕೇ ಗೌರವ ಹೋಗಿ ಸಾಕ್ಷಿ ಆಯ್ತು ಅದು. ಪಕ್ಕದಲ್ಲಿ ಎಷ್ಟು ಪ್ಯಾರಾ ಬರೆದು ಹಾಕಿದ್ರೂ ನಿಂತ ಪ್ರತಿಮೆ ಹೇಳೋ ಮಾತನ್ನ ಅಳಿಸೋಕೆ ಆಗ್ತಿರಲಿಲ್ಲ, ಯಾಕಂದ್ರೆ ನಮ್ಮ ಕುತ್ತಿಗೆ ಮೇಲಕ್ಕೆ ಎತ್ತಿದ ತಕ್ಷಣ ಅರ್ಧ ನಿರ್ಧಾರ ಆಗೋಗಿರುತ್ತೆ. ಮ್ಯೂಸಿಯಂ ಅಂದ್ರೆ ಹಳೇ ವಸ್ತು ಇಡೋ ಜಾಗ, ಅಲ್ಲಿರೋದೆಲ್ಲ ಇದ್ದದ್ದು ಇದ್ದ ಹಾಗೆ ಅಂತ ನಾವು ನಂಬಿರ್ತೀವಿ. ವಸ್ತು ನಿಜಾನೇ ಇರುತ್ತೆ ಬಿಡಿ. ಅದನ್ನ ಯಾವ ಎತ್ತರದಲ್ಲಿ, ಯಾವುದರ ಪಕ್ಕ, ಯಾವ ಬೆಳಕಲ್ಲಿ, ಯಾವುದಾದ ಮೇಲೆ ತೋರಿಸ್ತಾರೆ ಅನ್ನೋದರಲ್ಲೇ ಸಮಾಜದ ನೆನಪು ತಯಾರಾಗೋದು, ಅದಕ್ಕೇ ಇವತ್ತು ಸರ್ಕಾರಗಳು ಮ್ಯೂಸಿಯಂ ಗೋಡೆ ಮೇಲಿನ ಬೋರ್ಡುಗಳಿಗೂ ಕೈ ಹಾಕೋಕೆ ಶುರು ಮಾಡಿರೋದು.

ಇದು ಹೆಂಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಮೊದ್ಲು ವಿಸಿಟರ್‌ನ ಕಾಲಿಂದ ಶುರು ಮಾಡ್ಬೇಕು, ಯಾಕಂದ್ರೆ ಅದನ್ನ ನೂರು ವರ್ಷದಿಂದ ಜನ ಸ್ಟಡಿ ಮಾಡ್ತಾನೇ ಇದಾರೆ. 1916ರಲ್ಲಿ ಬಾಸ್ಟನ್‌ನ ಬೆಂಜಮಿನ್ ಐವ್ಸ್ ಗಿಲ್ಮನ್ ಅನ್ನೋರು ಒಂದು ಲೇಖನ ಬರೆದ್ರು, ಮ್ಯೂಸಿಯಂ ಆಯಾಸ ಅನ್ನೋದರ ಬಗ್ಗೆ. ಅದರಲ್ಲಿ ಒಬ್ಬ ಮನುಷ್ಯನ ಫೋಟೋಗಳಿವೆ. ಆತ ಗಾಜಿನ ಪೆಟ್ಟಿಗೆಯ ಕೆಳಗಿನ ಸಾಲು ನೋಡೋಕೆ ಸೊಂಟ ಬಗ್ಗಿಸಿ, ಮಂಡಿ ಮಡಿಸಿ, ಕತ್ತು ಓರೆ ಮಾಡಿ ಒದ್ದಾಡ್ತಿರ್ತಾನೆ. ನೋಡಿದ್ರೆ ನಗು ಬರುತ್ತೆ, ಆದ್ರೆ ಗಿಲ್ಮನ್ ಹೇಳಿದ್ದು ಸೀರಿಯಸ್ ವಿಷಯ: ಬಂದವರಿಗೆ ಆಸಕ್ತಿ ಇಲ್ಲ ಅಂತ ಬೈಬೇಡಿ, ನೀವು ಇಟ್ಟಿರೋ ರೀತಿನೇ ಅವರನ್ನ ಸುಸ್ತು ಮಾಡ್ತಿದೆ. ಮುಂದೆ 1930ರ ದಶಕದಲ್ಲಿ ಆರ್ಥರ್ ಮೆಲ್ಟನ್ ಅನ್ನೋ ಮನಶ್ಶಾಸ್ತ್ರಜ್ಞರು ಗ್ಯಾಲರಿಗೆ ಕಾಲಿಟ್ಟವರಲ್ಲಿ ಹೆಚ್ಚಿನವರು ಬಲಕ್ಕೇ ತಿರುಗ್ತಾರೆ ಅಂತ ಕೂತು ಎಣಿಸಿ ತೋರಿಸಿದ್ರು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದೊಂದು ಚಿತ್ರದ ಮುಂದೆ ಜನ ಎಷ್ಟು ಹೊತ್ತು ನಿಲ್ತಾರೆ ಅಂತ ಅಳೆಯಿತು. ಸರಾಸರಿ 27 ಸೆಕೆಂಡ್, ಅರ್ಧಕ್ಕರ್ಧ ಜನ 17 ಸೆಕೆಂಡೂ ನಿಂತಿರಲಿಲ್ಲ. ಅದೂ ಜಗತ್ಪ್ರಸಿದ್ಧ ಚಿತ್ರಗಳ ಮುಂದೆ!

ಅಂದ್ರೆ ಓದೋದು ಕಮ್ಮಿ, ನಡೆಯೋದು ಜಾಸ್ತಿ. ಲೇಬಲ್ ಬರೆಯೋರು 50-75 ಪದದೊಳಗೆ ಮುಗಿಸಿ ಅಂತ ಒಬ್ಬರಿಗೊಬ್ಬರು ಹೇಳ್ಕೊಳೋದು ಇದಕ್ಕೇ. ಹಿಂಗಿದ್ದಾಗ ಡಿಸೈನರ್ ಏನು ಮಾಡ್ತಾನೆ, ಹೇಳ್ಬೇಕಾಗಿರೋದನ್ನ ನೆಲಕ್ಕೆ, ಗೋಡೆಗೆ, ಮೆಟ್ಟಿಲಿಗೆ ದಾಟಿಸ್ತಾನೆ.

ಬರ್ಲಿನ್‌ನ ಯಹೂದಿ ಮ್ಯೂಸಿಯಂ ತಗೊಳ್ಳಿ, ಡೇನಿಯಲ್ ಲಿಬೆಸ್ಕಿಂಡ್ ಕಟ್ಟಿದ್ದು, 2001ರಲ್ಲಿ ಶುರುವಾಯ್ತು. ಆ ಹೊಸ ಕಟ್ಟಡಕ್ಕೆ ಬೀದಿ ಕಡೆಯಿಂದ ಬಾಗಿಲೇ ಇಲ್ಲ, ಪಕ್ಕದ ಹಳೇ ಕಟ್ಟಡದೊಳಗೆ ಹೋಗಿ ನೆಲಮಾಳಿಗೆಗೆ ಇಳಿದು ಹೋಗ್ಬೇಕು. ಕೆಳಗೆ ಮೂರು ದಾರಿ. ಒಂದು ಹೋಗಿ ನಿಲ್ಲೋದು 24 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರದಲ್ಲಿ, ಅಲ್ಲಿ ಹೀಟರ್ ಇಲ್ಲ, ಮೇಲೆಲ್ಲೋ ಒಂದು ಸೀಳಿಂದ ಬೆಳಕು ಬರುತ್ತೆ, ಹೊರಗಿನ ಸದ್ದು ದೂರದಿಂದ ಕೇಳ್ಸುತ್ತೆ, ಅಷ್ಟೇ, ನೋಡೋಕೆ ಏನೂ ಇಟ್ಟಿಲ್ಲ. ಇನ್ನೊಂದು ದಾರಿ 49 ಕಂಬಗಳ ತೋಟಕ್ಕೆ, ಅಲ್ಲಿ ನೆಲಾನೇ ವಾಲಿದೆ, ಕಂಬಗಳ ನಡುವೆ ನಾಲ್ಕು ಹೆಜ್ಜೆ ಇಡೋಷ್ಟರಲ್ಲಿ ಹೊಟ್ಟೆ ತೊಳೆಸಿದ ಹಾಗಾಗುತ್ತೆ. ದೇಶ ಬಿಟ್ಟು ಓಡಿದವರ ಸ್ಥಿತಿ ಅಂತ ಬರೆದು ಹೇಳೋ ಬದ್ಲು ನಿಮ್ಮ ಕಾಲಡಿಯ ನೆಲಾನೇ ನಂಬೋಕೆ ಆಗದ ಹಾಗೆ ಮಾಡಿದಾರೆ. ಮತ್ತೊಂದು ಕಡೆ ಮೆನಾಶೆ ಕಾದಿಶ್ಮನ್ ಅನ್ನೋ ಕಲಾವಿದನ ಕೆಲಸ, ನೆಲದ ತುಂಬ ಬಾಯಿ ತೆರೆದ ಕಬ್ಬಿಣದ ಮುಖಗಳು, 10,000ಕ್ಕೂ ಜಾಸ್ತಿ. ಅದರ ಮೇಲೇ ನಡೀಬೇಕು. ಹೆಜ್ಜೆ ಇಟ್ರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಖಣಖಣ ಅನ್ನುತ್ತೆ, ಆ ಸದ್ದು ಮಾಡ್ತಿರೋದು ನೀವೇ.

ಇದರ ಮೇಲೆ ನಂಗೆ ಒಂದು ತಕರಾರೂ ಇದೆ. ಆ ಕಟ್ಟಡ ಕಟ್ಟಿ ಮುಗಿದ ಮೇಲೆ ಒಳಗೆ ಏನೂ ಇಡದೆ ಖಾಲಿ ಇದ್ದಾಗಲೇ ಲಕ್ಷಾಂತರ ಜನ ಬಂದು ನೋಡಿ ಹೋದ್ರು, ಖಾಲಿಯಾಗೇ ಬಿಡಿ ಅಂದೋರೂ ಇದ್ರು. ಅಲ್ಲ, ಕಾಂಕ್ರೀಟೇ ಎದೆ ಹಿಂಡಿಬಿಟ್ರೆ ಆಮೇಲೆ ಯಾರು, ಯಾವಾಗ, ಯಾರಿಗೆ, ಏನು ಮಾಡಿದ್ರು ಅನ್ನೋದು ಬೇಕಾಗಲ್ವಾ? ತಲೆ ಸುತ್ತಿದ್ದನ್ನೇ ಇತಿಹಾಸ ಅರ್ಥ ಆಯ್ತು ಅಂದ್ಕೊಳೋ ಅಪಾಯ ಇದೆ, ಹೊರಗೆ ಬಂದು ಕಾಫಿ ಕುಡಿದ್ರೆ ತಲೆಸುತ್ತು ಹೋಗುತ್ತೆ.

ನೆಲಾನ ಇದಕ್ಕಿಂತ ಚೆನ್ನಾಗಿ ಬಳಸಿದ್ದು ಅಂದ್ರೆ ಅಮೆರಿಕದ ಮಾಂಟ್‌ಗೊಮರಿಯಲ್ಲಿ 2018ರಲ್ಲಿ ಶುರುವಾದ ಸ್ಮಾರಕ, ಅದರ ಜೊತೆಗೆ ಒಂದು ಮ್ಯೂಸಿಯಮ್ಮೂ ಇದೆ. ಕಪ್ಪುಜನರನ್ನ ಗುಂಪುಗೂಡಿ ಹೊಡೆದು, ನೇಣು ಹಾಕಿ ಕೊಂದಿದ್ದರ ಲೆಕ್ಕ ಅದು, 4,400ಕ್ಕೂ ಹೆಚ್ಚು ಜನ. ಕೊಲೆ ನಡೆದ ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆ ತರ) ಒಂದೊಂದು ಉಕ್ಕಿನ ಕಂಬ, ಒಟ್ಟು 800ಕ್ಕೂ ಜಾಸ್ತಿ, ಮೇಲೆ ಸತ್ತವರ ಹೆಸರು. ಒಳಗೆ ಹೋದಾಗ ಕಂಬಗಳು ನಿಮ್ಮ ಎದುರಿಗೇ, ಕಣ್ಣಿನ ಮಟ್ಟಕ್ಕೇ ಇರ್ತಾವೆ, ಹೆಸರು ಓದ್ಕೊಂಡು ಹೋಗ್ತೀರಿ. ನಡೀತಾ ನಡೀತಾ ನೆಲ ಇಳಿಯೋಕೆ ಶುರು ಆಗುತ್ತೆ, ಕಂಬಗಳು ಮಾತ್ರ ಇದ್ದ ಎತ್ತರದಲ್ಲೇ ಉಳೀತಾವೆ, ಕೊನೆಗೆ ನೋಡಿದ್ರೆ ಅವೆಲ್ಲ ನಿಮ್ಮ ತಲೆ ಮೇಲೆ ನೇತಾಡ್ತಿರ್ತಾವೆ. ನೇತಾಡ್ತಿರ್ತಾವೆ ಅನ್ನೋದು ಹೊಳೆದ ಕ್ಷಣದಲ್ಲೇ ನೀವು ಎಲ್ಲಿ ನಿಂತಿದೀರಿ ಅನ್ನೋದೂ ಹೊಳೆಯುತ್ತೆ, ನೇಣಿಗೆ ಹಾಕ್ತಿದ್ದಾಗ ಕೆಳಗೆ ನಿಂತು ನೋಡ್ತಿದ್ದ ಗುಂಪಿನ ಜಾಗದಲ್ಲಿ. ಇಲ್ಲಿ ಡಿಸೈನು ಮತ್ತು ಮಾಹಿತಿ ಎರಡೂ ಒಂದೇ ಕಂಬದ ಮೇಲಿದೆ, ಬರ್ಲಿನ್‌ನ ಗೋಪುರಕ್ಕೂ ಇದಕ್ಕೂ ಇರೋ ವ್ಯತ್ಯಾಸ ಅದು.

ದಾರಿ ಬಿಟ್ರೆ ಮುಖ್ಯವಾದದ್ದು ಬಾಗಿಲು, ಅದರಲ್ಲೂ ಹೊರಗೆ ಹೋಗೋ ಬಾಗಿಲು. ಜೆರುಸಲೇಂನ ಯಾದ್ ವಶೇಮ್ ಅಂದ್ರೆ ಹೋಲೋಕಾಸ್ಟ್‌ನ, ಅಂದ್ರೆ ಹಿಟ್ಲರ್ ಕಾಲದ ಯಹೂದಿಗಳ ನರಮೇಧದ ಸ್ಮಾರಕ, ಅಲ್ಲಿ 2005ರಲ್ಲಿ ಮೋಶೆ ಸಫ್ದಿ ಕಟ್ಟಿದ ಹೊಸ ಮ್ಯೂಸಿಯಂ ಬೆಟ್ಟದೊಳಗೆ ಕೊರೆದ 180 ಮೀಟರ್ ಉದ್ದದ ತ್ರಿಕೋನದ ಸುರಂಗ. ಆ ತುದಿಯ ಬೆಳಕು ಮೊದಲಿಂದಲೇ ಕಾಣುತ್ತೆ, ಆದ್ರೆ ನೇರ ನಡೆಯೋಕೆ ಬಿಡಲ್ಲ, ನೆಲದಲ್ಲಿ ಅಡ್ಡಡ್ಡ ಕಾಲುವೆ ತರ ಕತ್ತರಿಸಿ, ಎಡದ ಕೋಣೆಗೊಮ್ಮೆ ಬಲದ ಕೋಣೆಗೊಮ್ಮೆ ಹೊಕ್ಕು ಹೊರಟೇ ಹೋಗ್ಬೇಕು. ಎಲ್ಲ ಕತ್ತಲು ಮುಗಿದ ಮೇಲೆ ಗೋಡೆ ಎರಡೂ ಕಡೆ ರೆಕ್ಕೆ ತರ ತೆರ್ಕೊಂಡು ಜೆರುಸಲೇಂ ಬೆಟ್ಟಗಳು ಕಾಣ್ತಾವೆ. ಯಾರೂ ಏನೂ ಹೇಳಲ್ಲ, ಆದ್ರೆ ಆ ನರಕಕ್ಕೆ ಉತ್ತರ ಈ ನೆಲ ಅಂತ ಕಟ್ಟಡ ಹೇಳಿ ಆಗಿರುತ್ತೆ. ಇಲ್ಲಿ ನೆಮ್ಮದಿಯ ಉಸಿರು ಬಿಡೋರು ಇದಾರೆ, ಆ ಬೆಟ್ಟಗಳ ಮೇಲೆ ಬೇರೆಯವರ ನೆನಪೂ ಇದೆಯಲ್ಲಾ ಅಂತ ಕೇಳೋರೂ ಇದಾರೆ. ಕಥೆ ಎಲ್ಲಿ ನಿಲ್ಲಿಸ್ತೀರಿ ಅನ್ನೋದೇ ವಾದ.

ಪೋಲೆಂಡ್‌ನ ಗ್ದಾನ್ಸ್ಕ್‌ನಲ್ಲಂತೂ ಇದು ಬಹಿರಂಗ ಜಗಳವೇ ಆಯ್ತು. ಎರಡನೇ ಮಹಾಯುದ್ಧದ ಮ್ಯೂಸಿಯಂ 2017ರ ಮಾರ್ಚ್‌ನಲ್ಲಿ ಓಪನ್ ಆಯ್ತು, ಎರಡು ವಾರಕ್ಕೇ ಅದನ್ನ ಕಟ್ಟಿದ ನಿರ್ದೇಶಕ ಪಾವೆವ್ ಮಾಖ್ಸೆವಿಚ್ ಅವರನ್ನ ಸರ್ಕಾರ ಹೊರಗೆ ಕಳಿಸ್ತು. ಕಾರಣ, ಅದು ಯುದ್ಧದಲ್ಲಿ ಎಲ್ಲ ದೇಶದ ಸಾಮಾನ್ಯ ಜನ ಪಟ್ಟ ಪಾಡನ್ನ ಹೇಳುತ್ತೆ, ಪೋಲೆಂಡ್‌ನವರ ಶೌರ್ಯ ಸಾಲದು ಅನ್ನೋದು. ಹೊಸಬರು ಮುಟ್ಟಿದ ಮುಖ್ಯ ಜಾಗ ಯಾವುದು ಗೊತ್ತಾ? ಕೊನೇ ಫಿಲ್ಮ್. ಮೊದ್ಲು ಅಲ್ಲಿ ಯುದ್ಧ ಮುಗಿದ ಮೇಲಿನ ದಶಕಗಳ ಸಂಘರ್ಷಗಳನ್ನ, ಇವತ್ತಿನ ಸಿರಿಯಾದವರೆಗೂ, ತೋರಿಸೋ ಫಿಲ್ಮ್ ಇತ್ತು, ಅಂದ್ರೆ ಇದು ಮುಗಿದಿಲ್ಲ ಕಣಪ್ಪಾ ಅಂತ ಹೇಳಿ ಕಳಿಸ್ತಿತ್ತು. ಅದನ್ನ ತೆಗೆದು, ಪೋಲೆಂಡ್‌ನವರು ಹೆಂಗೆ ಎಲ್ಲೂ ಸೋಲದೆ ಹೋರಾಡಿದ್ರು ಅನ್ನೋ ಅನಿಮೇಷನ್ ಹಾಕಿದ್ರು. ಉಳಿದ ಅಷ್ಟೂ ಹಾಲ್‌ಗಳು ಹೆಚ್ಚು ಕಮ್ಮಿ ಹಾಗೇ ಇದ್ವು, ಕೆಲವು ನಿಮಿಷದ ಫಿಲ್ಮ್ ಬದಲಾಯಿಸಿದ್ದಕ್ಕೆ ಹಿಂದೆ ನೋಡಿದ್ದೆಲ್ಲದರ ಅರ್ಥ ಮಗುಚಿತು. ಸರ್ಕಾರ ಬದಲಾದ ಮೇಲೆ ಬಂದ ಮ್ಯೂಸಿಯಂ ಆಡಳಿತ 2024ರಲ್ಲಿ, ನಡುವೆ ಸೇರಿಸಿದ್ದ ಕೆಲವು ಪೋಲಿಷ್ ವೀರರ ಭಾಗಗಳನ್ನ ತೆಗೆದಾಗ ಮತ್ತೆ ಗಲಾಟೆ ಎದ್ದು, ಅವನ್ನ ವಾಪಸ್ ಇಡಬೇಕಾಯ್ತು. ಅಷ್ಟರಲ್ಲಿ ಜನಕ್ಕೆ ಅವೂ ಮ್ಯೂಸಿಯಂನ ಭಾಗ ಆಗಿಬಿಟ್ಟಿದ್ವು ನೋಡಿ.

ಇನ್ನು ಯಾವುದರ ಪಕ್ಕ ಯಾವುದು ಅನ್ನೋ ವಿಷಯ. ಇದಕ್ಕೆ ನಂಗೆ ಗೊತ್ತಿರೋ ಅತ್ಯಂತ ಚುರುಕಾದ ಉದಾಹರಣೆ 1992ರದ್ದು, ಬಾಲ್ಟಿಮೋರ್‌ನಲ್ಲಿ ಫ್ರೆಡ್ ವಿಲ್ಸನ್ ಅನ್ನೋ ಕಲಾವಿದ ಮಾಡಿದ್ದು. ಅಲ್ಲಿನ ಇತಿಹಾಸ ಸಂಘದ ಮ್ಯೂಸಿಯಂಗೆ ಹೋಗಿ, ಹೊರಗಿಂದ ಏನೂ ತರದೆ ಅವರ ಸ್ಟೋರೇಜ್‌ನಲ್ಲೇ ಇದ್ದ ವಸ್ತುಗಳನ್ನ ಹೊರಗೆ ತೆಗೆದು ಜೋಡಿಸಿದ. ಒಂದು ಗಾಜಿನ ಪೆಟ್ಟಿಗೆಲಿ ಶ್ರೀಮಂತರ ಮನೆಯ ಬೆಳ್ಳಿ ಹೂಜಿ, ಲೋಟಗಳು, ನಕಾಶೆ ಕೆಲಸದವು. ಅದರ ಮಧ್ಯೆ ಗುಲಾಮರ ಕಾಲಿಗೆ ಹಾಕ್ತಿದ್ದ ಕಬ್ಬಿಣದ ಬೇಡಿ. ಲೇಬಲ್ ಏನಂದ್ರೆ, ಲೋಹದ ಕೆಲಸ, 1793-1880. ಅಷ್ಟೇ. ಬೆಳ್ಳಿನೂ ಬೇಡಿನೂ ಒಂದೇ ಕಾಲದ್ದು, ಒಂದೇ ಸಮಾಜದ್ದು, ಎರಡೂ ಆ ಮ್ಯೂಸಿಯಂ ಹತ್ರಾನೇ ಇತ್ತು, ಬೆಳ್ಳಿ ಮಾತ್ರ ಮೇಲೆ ಮಿನುಗ್ತಿತ್ತು. ಮ್ಯೂಸಿಯಂ ಒಂದೂ ಸುಳ್ಳು ಹೇಳಿರಲಿಲ್ಲ, ಒಂದು ವಸ್ತುನ ಗೋಡೌನ್‌ನಲ್ಲಿ ಬಿಟ್ಟಿತ್ತು ಅಷ್ಟೇ. ಇನ್ನೊಂದು ಕಡೆ ಮರದ ಕೆಲಸ ಅನ್ನೋ ಲೇಬಲ್ ಕೆಳಗೆ ಚೆಂದದ ಕುರ್ಚಿಗಳು, ಎಲ್ಲದರ ಮುಖ ಒಂದು ಕಂಬದ ಕಡೆಗೆ, ಕಂಬ ಅಂದ್ರೆ ಕಟ್ಟಿಹಾಕಿ ಚಾಟಿಲಿ ಹೊಡೆಯೋ ಕಂಬ. ಇದಕ್ಕೆ ವಿವರಣೆ ಬರೆದು ಹಾಕಿದ್ರೆ ಕೆಟ್ಟುಹೋಗ್ತಿತ್ತು.

ಲೇಬಲ್ ಅಂದಾಗ ನೆನಪಾಯ್ತು, ವ್ಯಾಕರಣ. ಶಾಲೆಲಿ ಕರ್ತರಿ-ಕರ್ಮಣಿ ಪ್ರಯೋಗ ಓದಿರ್ತೀವಲ್ಲ, ರಾಮನು ರಾವಣನನ್ನು ಕೊಂದನು, ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಮ್ಯೂಸಿಯಂ ಬೋರ್ಡುಗಳಲ್ಲಿ ಎಷ್ಟೋ ಸಲ ಆ ‘ರಾಮನಿಂದ’ ಇರೋದೇ ಇಲ್ಲ. ಇಷ್ಟು ಜನ ಕೊಲ್ಲಲ್ಪಟ್ಟರು, ಇಂಥ ಊರು ನಾಶವಾಯಿತು, ಈ ವಿಗ್ರಹ ಸಂಗ್ರಹಿಸಲ್ಪಟ್ಟಿತು. ಕನ್ನಡದಲ್ಲಿ ಇನ್ನೂ ಒಂದು ಕೈ ಮುಂದೆ, ಪ್ರಾಣ ಕಳೆದುಕೊಂಡರು ಅಂತೀವಿ, ಬಸ್ಸಲ್ಲಿ ಪರ್ಸ್ ಕಳ್ಕೊಂಡ ಹಾಗೆ, ತಪ್ಪು ಅವರದೇ ಅನ್ನೋ ತರ. ಹೆಸರುಗಳ ಆಟ ಬೇರೆ ಇದೆ. 1857ನ್ನ ಸಿಪಾಯಿ ದಂಗೆ ಅಂತ ಬರೆದ ಬೋರ್ಡು, ಸ್ವಾತಂತ್ರ್ಯ ಸಂಗ್ರಾಮ ಅಂತ ಬರೆದ ಬೋರ್ಡು, ಎರಡೂ ಒಂದೇ ಕತ್ತಿಯ ಕೆಳಗೆ ಇಟ್ರೂ ಕತ್ತಿ ಹಿಡಿದ ಕೈ ಬೇರೆ ಆಗಿಬಿಡುತ್ತೆ. ವಿಯೆಟ್ನಾಂನ ಹೋ ಚಿ ಮಿನ್ ನಗರದ ಮ್ಯೂಸಿಯಂ 1975ರಲ್ಲಿ ಶುರುವಾದಾಗ ಅದರ ಹೆಸರಲ್ಲಿ ಅಮೆರಿಕ ಮತ್ತು ಅದರ ಕೈಗೊಂಬೆಗಳ ಅಪರಾಧ ಅಂತ ಇತ್ತು, 1990ರಲ್ಲಿ ಅಮೆರಿಕದ ಹೆಸರು ಹೋಗಿ ಯುದ್ಧ ಮತ್ತು ಆಕ್ರಮಣದ ಅಪರಾಧ ಅಂತಾಯ್ತು, 1995ರಲ್ಲಿ ಎರಡೂ ದೇಶದ ಸಂಬಂಧ ಸರಿಹೋದ ವರ್ಷ, ಬರೀ ಯುದ್ಧದ ಅವಶೇಷಗಳು ಅಂತ ಉಳೀತು. ಇಪ್ಪತ್ತು ವರ್ಷದ ರಾಜತಾಂತ್ರಿಕ ಇತಿಹಾಸ ಬಾಗಿಲ ಮೇಲಿನ ಬೋರ್ಡಲ್ಲೇ ಓದ್ಬಹುದು.

ಅದೇ 1995ರಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂ, ಹಿರೋಶಿಮಾ ಮೇಲೆ ಬಾಂಬ್ ಹಾಕಿದ ಎನೋಲಾ ಗೇ ವಿಮಾನವನ್ನ ಪ್ರದರ್ಶನಕ್ಕೆ ಇಡೋಕೆ ಹೊರಟಿತ್ತು. ವಿಮಾನದ ಜೊತೆ ನೆಲದ ಮೇಲೆ ಏನಾಯ್ತು ಅನ್ನೋದನ್ನೂ, ಬಾಂಬ್ ಬೇಕಿತ್ತಾ ಅನ್ನೋ ಇತಿಹಾಸಕಾರರ ಚರ್ಚೆಯನ್ನೂ ಇಡ್ತೀವಿ ಅಂದ್ರು. ಮಾಜಿ ಸೈನಿಕರ ಸಂಘಟನೆಗಳು, ಸಂಸತ್ತಿನವರು ಎಲ್ಲ ಮೇಲೆ ಬಿದ್ದು ಜನವರಿಲಿ ಅದು ರದ್ದಾಯ್ತು, ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ರು, ಜೂನ್‌ನಲ್ಲಿ ವಿಮಾನದ ಮುಂಭಾಗ ಇಟ್ಟು ಹೆಚ್ಚು ಮಾತಾಡದ ಒಂದು ಸಣ್ಣ ಪ್ರದರ್ಶನ ಮಾಡಿದ್ರು. ಹಲವು ಮ್ಯೂಸಿಯಂಗಳನ್ನ ನಡೆಸೋ ಅದೇ ಸ್ಮಿತ್ಸೋನಿಯನ್ ಸಂಸ್ಥೆ ಆಮೇಲೆ ಮತ್ತೆ ಸುದ್ದಿಗೆ ಬಂತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರು ಸ್ಮಿತ್ಸೋನಿಯನ್‌ನಲ್ಲಿ ‘ವಿಭಜನೆ’ ಮಾಡೋ ವಿಚಾರಗಳನ್ನ ತೆಗೀಬೇಕು ಅಂತ ಆದೇಶ ಹೊರಡಿಸಿದ್ರು, ಆಗಸ್ಟ್‌ನಲ್ಲಿ ಎಂಟು ಮ್ಯೂಸಿಯಂಗಳ ಪ್ರದರ್ಶನ, ಬರಹ ಎಲ್ಲ ಪರಿಶೀಲಿಸ್ತೀವಿ ಅಂತ ಶ್ವೇತಭವನದಿಂದ ಪತ್ರ ಹೋಯ್ತು. ಈ ನಡುವೆ ಜುಲೈನಲ್ಲಿ ಅದರದ್ದೇ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿ, ಅಧ್ಯಕ್ಷರ ಮಹಾಭಿಯೋಗದ ವಿಭಾಗದಲ್ಲಿ 2021ರಿಂದ ಇದ್ದ ಒಂದು ಬೋರ್ಡು ಕಾಣೆಯಾಯ್ತು, ಟ್ರಂಪ್ ಮೇಲಿನ ಎರಡು ಮಹಾಭಿಯೋಗದ ಬೋರ್ಡು ಅದು. ಸುದ್ದಿ ಆದ ಮೇಲೆ, ಅದು ತಾತ್ಕಾಲಿಕ ಬೋರ್ಡು, ನಮ್ಮ ಗುಣಮಟ್ಟಕ್ಕೆ ಇರಲಿಲ್ಲ, ಹಿಂದಿನ ವಸ್ತುಗಳಿಗೆ ಅಡ್ಡ ಬರ್ತಿತ್ತು ಅಂತ ಸಮಜಾಯಿಷಿ ಬಂತು, ಆಗಸ್ಟ್‌ನಲ್ಲಿ ಹೊಸ ಬೋರ್ಡು ಬಂತು, ಅದರಲ್ಲಿ ಮಾತು ಮೊದಲಿಗಿಂತ ತೆಳುವಾಗಿತ್ತು. ಒಂದು ಬೋರ್ಡ್‌ಗೆ ಇಷ್ಟು ರಾದ್ಧಾಂತ ಯಾಕೆ ಅಂದ್ರೆ, ಪೇಪರಲ್ಲಿ ಬಂದಿದ್ದು ನಾಳೆಗೆ ಹಳೇದು, ಮ್ಯೂಸಿಯಂ ಗೋಡೆ ಮೇಲೆ ಬಂದಿದ್ದು ‘ಆಗಿದ್ದು’ ಅಂತ ಲೆಕ್ಕ.

ತೋರಿಸದೇ ಇರೋದೂ ಡಿಸೈನೇ. ವಾಷಿಂಗ್ಟನ್‌ನ ಹೋಲೋಕಾಸ್ಟ್ ಮ್ಯೂಸಿಯಂ 1993ರಲ್ಲಿ ತೆರೆಯೋಕೆ ಮುಂಚೆ, ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದಿಂದ ಬಂದ ಮನುಷ್ಯರ ಕೂದಲನ್ನ ಇಡಬೇಕೋ ಬೇಡ್ವೋ ಅಂತ ದೊಡ್ಡ ಚರ್ಚೆ ನಡೀತು. ಸಾಕ್ಷಿಯಾಗಿ ಅದಕ್ಕಿಂತ ಗಟ್ಟಿ ವಸ್ತು ಇಲ್ಲ. ಆದ್ರೆ ಬದುಕಿ ಬಂದವರು ಕೇಳಿದ್ರು, ಅದರಲ್ಲಿ ನಮ್ಮಮ್ಮನ ಕೂದಲೂ ಇರಬಹುದಲ್ವಾ ಅಂತ. ಕೊನೆಗೆ ಕೂದಲ ರಾಶಿಯ ಫೋಟೋ ಹಾಕಿದ್ರು, ಕೂದಲು ಇಡಲಿಲ್ಲ. ಹತ್ತಿರದಲ್ಲೇ 4,000 ಚಪ್ಪಲಿ-ಬೂಟುಗಳಿವೆ. ಇದಕ್ಕೆ ತದ್ವಿರುದ್ಧ ಕಾಂಬೋಡಿಯಾದ ತುವೊಲ್ ಸ್ಲೆಂಗ್, ಶಾಲೆನ ಜೈಲು ಮಾಡಿ ಸಾವಿರಾರು ಜನರಿಗೆ ಚಿತ್ರಹಿಂಸೆ ಕೊಟ್ಟ ಜಾಗ. 1979ರಲ್ಲಿ ಅದನ್ನ ಮ್ಯೂಸಿಯಂ ಮಾಡಿದ್ದು ಮೈ ಲಾಮ್ ಅನ್ನೋ ವಿಯೆಟ್ನಾಮಿ ಅಧಿಕಾರಿ, ಮೇಲೆ ಹೇಳಿದ ಹೋ ಚಿ ಮಿನ್ ನಗರದ ಮ್ಯೂಸಿಯಂ ಹಿಂದೆ ಇದ್ದೋರೂ ಅವರೇ. ಅಲ್ಲಿ 300 ತಲೆಬುರುಡೆಗಳನ್ನ ಜೋಡಿಸಿ ಕಾಂಬೋಡಿಯಾದ ನಕ್ಷೆ ಮಾಡಿ ಗೋಡೆಗೆ ಹಾಕಿದ್ರು, ನದಿಗಳಿಗೆ ಕೆಂಪು ಬಣ್ಣ. ನೋಡಿದವರು ಜನ್ಮದಲ್ಲಿ ಮರೆಯಲ್ಲ ನಿಜ, ಆದ್ರೆ ಅವು ಯಾರದೋ ಅಪ್ಪ, ಯಾರದೋ ಮಗಳು, ಸಂಸ್ಕಾರ ಆಗದೆ ನಕ್ಷೆಯ ಚುಕ್ಕಿಗಳಾಗಿ ನೇತಾಡ್ತಿದ್ದವರು. 2002ರಲ್ಲಿ ಅದನ್ನ ಬಿಚ್ಚಿದ್ರು.

ಹಿರೋಶಿಮಾದಲ್ಲಿ ಇದೇ ಪ್ರಶ್ನೆ ಬೊಂಬೆಗಳ ಸುತ್ತ ಬಂತು. ಚರ್ಮ ಜೋತುಬಿದ್ದ, ಬಟ್ಟೆ ಹರಿದ ಮನುಷ್ಯರ ಪ್ಲಾಸ್ಟಿಕ್ ಬೊಂಬೆಗಳು ಅಲ್ಲಿ ಎಷ್ಟೋ ವರ್ಷ ಇದ್ವು, ಶಾಲೆ ಮಕ್ಕಳಿಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ. 2017ರಲ್ಲಿ ತೆಗೆದ್ರು, ನಿಜವಾದ ವಸ್ತುಗಳೇ ಮಾತಾಡ್ಲಿ ಅಂತ. ಮಕ್ಕಳಿಗೆ ಹೆದರಿಕೆ ಆಗ್ಬೇಕು, ತೆಗೀಬೇಡಿ ಅಂದೋರಿದ್ರು, ನಿಜವಾಗಿ ಆಗಿದ್ದು ಆ ಬೊಂಬೆಗಳಿಗಿಂತ ಎಷ್ಟೋ ಘೋರ, ಇದು ಏನೂ ಅಲ್ಲ ಅಂದ ಬದುಕುಳಿದವರೂ ಇದ್ರು. ನಾನು ಮ್ಯೂಸಿಯಂ ಪರ. ಯಾಕಂದ್ರೆ ಅಲ್ಲೇ ಒಂದು ತುಕ್ಕು ಹಿಡಿದ ಮೂರು ಗಾಲಿ ಸೈಕಲ್ ಇದೆ. ಅದನ್ನ ಓಡಿಸ್ತಿದ್ದ ಮಗುಗೆ ಇನ್ನೂ ನಾಲ್ಕು ತುಂಬಿರಲಿಲ್ಲ, ಬಾಂಬ್ ಬಿದ್ದಾಗ ಅದರ ಮೇಲೇ ಆಡ್ತಿತ್ತು, ರಾತ್ರಿ ತೀರ್ಕೊಂಡಿತು. ಒಂಟಿಯಾಗಿ ದೂರದಲ್ಲಿ ಹೂಳೋಕೆ ಮನಸ್ಸು ಬರದೆ ಅಪ್ಪ ಮನೆ ಹಿತ್ತಲಲ್ಲೇ ಸೈಕಲ್ ಸಮೇತ ಹೂಳಿದ್ರು, 40 ವರ್ಷ ಬಿಟ್ಟು 1985ರಲ್ಲಿ ಮೂಳೆಗಳನ್ನ ಕುಟುಂಬದ ಸಮಾಧಿಗೆ ಸೇರಿಸೋಕೆ ಅಗೆದಾಗ ಸೈಕಲ್‌ನ ಮ್ಯೂಸಿಯಂಗೆ ಕೊಟ್ರು. ಬೊಂಬೆ ಮುಂದೆ ನಿಂತ ಮಗು ಕಣ್ಣು ಮುಚ್ಕೊಳುತ್ತೆ, ಸೈಕಲ್ ಮುಂದೆ ನಿಂತ ಮಗು ಪ್ರಶ್ನೆ ಕೇಳುತ್ತೆ. ರುವಾಂಡಾದ ಕಿಗಾಲಿಯ ನರಮೇಧ ಸ್ಮಾರಕದಲ್ಲಿ ಮಕ್ಕಳ ಕೋಣೆ ಅಂತ ಇದೆ, ಅಲ್ಲೂ ಇದೇ ದಾರಿ: ಒಂದು ನಗುಮುಖದ ಫೋಟೋ, ಕೆಳಗೆ ಇಷ್ಟದ ತಿಂಡಿ, ಇಷ್ಟದ ಆಟ, ಆಮೇಲೆ ಹೇಗೆ ಸತ್ತಿತು ಅಂತ ಒಂದು ಸಾಲು.

ಈಗ ವಿಸಿಟರ್ ಎಂಗೇಜ್‌ಮೆಂಟ್, ಅಂದ್ರೆ ಬಂದವರನ್ನ ಒಳಗೊಳ್ಳೋದು, ಅನ್ನೋ ಮಂತ್ರದ ಹತ್ರ ಬರೋಣ, ಮ್ಯೂಸಿಯಂನವರು ಸೇರಿದ ಕಡೆಯಲ್ಲೆಲ್ಲ ಇದೇ ಮಾತು. ಅಂತಾರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2019ರಲ್ಲಿ ಕ್ಯೋಟೋದಲ್ಲಿ ಮ್ಯೂಸಿಯಂ ಅಂದ್ರೆ ಏನು ಅನ್ನೋ ವ್ಯಾಖ್ಯಾನಕ್ಕೇ ಜಗಳ ಆಡಿ ಮುಂದೂಡಿ, 2022ರಲ್ಲಿ ಪ್ರಾಗ್‌ನಲ್ಲಿ ಒಪ್ಪಿದ ಹೊಸ ವ್ಯಾಖ್ಯಾನದಲ್ಲಿ ಸಮುದಾಯಗಳ ಪಾಲ್ಗೊಳ್ಳುವಿಕೆ ಅನ್ನೋದು ಸೇರ್ಕೊಂಡಿದೆ. ಮಾತು ಚೆನ್ನಾಗಿದೆ. ಆದ್ರೆ ಪಾಲ್ಗೊಳ್ಳೋದು ಅಂದ್ರೆ ಏನು ಅನ್ನೋದರಲ್ಲಿ ಭಾರಿ ವ್ಯತ್ಯಾಸ ಇದೆ. ನಾನು ಒಂದು ಕಡೆ ನೋಡಿದ್ದೆ, ಹೆಸರು ಬೇಡ, ದೊಡ್ಡ ಟಚ್‌ಸ್ಕ್ರೀನು, ಬರಗಾಲದ ಬಗ್ಗೆ ಕ್ವಿಝ್, ಎಷ್ಟು ಜನ ಸತ್ರು ಅಂತ ನಾಲ್ಕು ಆಯ್ಕೆ, ಸರಿಯಾಗಿ ಒತ್ತಿದ್ರೆ ಪರದೆ ಮೇಲೆ ಬಣ್ಣದ ಕಾಗದ ಉದುರಿ ಚಪ್ಪಾಳೆ ಸದ್ದು. ಅದನ್ನ ಮಾಡಿದೋರು ಒಂದ್ಸಲನಾದ್ರೂ ಅದರ ಮುಂದೆ ನಿಂತು ನೋಡಿದ್ರಾ ಅಂತ ಇವತ್ತಿಗೂ ನಂಗೆ ಅನುಮಾನ.

ಸ್ವಲ್ಪ ಮೇಲಿನ ಮಟ್ಟದ್ದು ಅಂದ್ರೆ ಪಾತ್ರ ಕೊಡೋದು. ವಾಷಿಂಗ್ಟನ್‌ನ ಹೋಲೋಕಾಸ್ಟ್ ಮ್ಯೂಸಿಯಂನಲ್ಲಿ ಒಳಗೆ ಹೋಗುವಾಗ ಆ ಕಾಲದ ಒಬ್ಬ ನಿಜವಾದ ವ್ಯಕ್ತಿಯ ಗುರುತಿನ ಚೀಟಿ ಕೈಗೆ ಕೊಡ್ತಾರೆ, ಅವರು ಉಳಿದ್ರಾ ಇಲ್ವಾ ಅಂತ ಅದರಲ್ಲೇ ಓದ್ತಾ ಹೋಗೋದು. ಜೋಹಾನ್ಸ್‌ಬರ್ಗ್‌ನ ಅಪಾರ್ತೀಡ್, ಅಂದ್ರೆ ವರ್ಣಭೇದ ನೀತಿಯ, ಮ್ಯೂಸಿಯಂನಲ್ಲಿ ಟಿಕೆಟ್ಟೇ ನಿಮ್ಮನ್ನ ಬಿಳಿಯರು, ಬಿಳಿಯರಲ್ಲದವರು ಅಂತ ಮನಸ್ಸಿಗೆ ಬಂದ ಹಾಗೆ ವಿಂಗಡಿಸುತ್ತೆ, ಬಾಗಿಲು ಬೇರೆ ಬೇರೆ. ಜೊತೆಗೆ ಬಂದ ಗಂಡ-ಹೆಂಡ್ತಿ, ತಾಯಿ-ಮಗು ಬೇರೆ ಬೇರೆ ಬಾಗಿಲಲ್ಲಿ ಹೋಗ್ಬೇಕಾಗುತ್ತೆ. ನಂಗೆ ಗುರುತಿನ ಚೀಟಿಗಿಂತ ಈ ಟಿಕೆಟ್ ಇಷ್ಟ, ಯಾಕಂದ್ರೆ ಇದು ನೀವು ಇನ್ನೊಬ್ಬರ ನೋವು ಅನುಭವಿಸ್ತಿದೀರಿ ಅಂತ ಸುಳ್ಳು ಹೇಳಲ್ಲ, ಆ ವ್ಯವಸ್ಥೆ ಎಷ್ಟು ಅರ್ಥಹೀನ ಆಗಿತ್ತು ಅಂತ ಒಂದು ನಿಮಿಷ ತೋರಿಸಿ ಬಿಟ್ಟುಬಿಡುತ್ತೆ. ಅಂದ ಹಾಗೆ ಆ ಮ್ಯೂಸಿಯಂ ಹುಟ್ಟಿದ್ದು ಪಕ್ಕದ ಕ್ಯಾಸಿನೋಗೆ ಲೈಸೆನ್ಸ್ ಪಡೆಯೋಕೆ ಕೊಟ್ಟ ಮಾತಿನಿಂದ. ನ್ಯೂಯಾರ್ಕ್‌ನ 9/11 ಮ್ಯೂಸಿಯಂ 2014ರಲ್ಲಿ ಶುರುವಾದಾಗಲೂ ದೊಡ್ಡ ಜಗಳ ಆಗಿದ್ದು ಗಿಫ್ಟ್ ಶಾಪ್ ಬಗ್ಗೆ, ಅಮೆರಿಕದ ನಕ್ಷೆ ಆಕಾರದ ಚೀಸ್ ತಟ್ಟೆ, ದಾಳಿ ನಡೆದ ಜಾಗಗಳಿಗೆ ಪುಟ್ಟ ಹೃದಯದ ಗುರುತು. ಸತ್ತವರ ಮನೆಯವರು ಸಿಟ್ಟಾದ ಮೇಲೆ ತೆಗೆದ್ರು. ಸೆಲ್ಫಿಗಳ ಬಗ್ಗೆ ಎಲ್ಲರಿಗೂ ಗೊತ್ತೇ ಇದೆ, ಆಶ್ವಿಟ್ಸ್‌ನವರು 2019ರಲ್ಲಿ ರೈಲು ಹಳಿ ಮೇಲೆ ಬ್ಯಾಲೆನ್ಸ್ ಮಾಡ್ಕೊಂಡು ಫೋಟೋ ತೆಗಿಸ್ಕೋಬೇಡಿ ಅಂತ ಕೈಮುಗಿದು ಕೇಳ್ಕೋಬೇಕಾಯ್ತು.

ಹೋಲೋಕಾಸ್ಟ್‌ನಿಂದ ಬದುಕಿ ಬಂದವರು ಒಬ್ಬೊಬ್ಬರಾಗಿ ತೀರಿ ಹೋಗ್ತಿರೋದ್ರಿಂದ ಇನ್ನೊಂದು ಪ್ರಯೋಗ ನಡೀತಿದೆ. ಅವರ ಸಾಕ್ಷ್ಯ ಸಂಗ್ರಹಿಸೋ ಶೋವಾ ಫೌಂಡೇಷನ್‌ನವರು ಅವರನ್ನ ಕ್ಯಾಮೆರಾಗಳ ಮುಂದೆ ದಿನಗಟ್ಟಲೆ ಕೂರಿಸಿ ಸಾವಿರದಷ್ಟು ಪ್ರಶ್ನೆ ಕೇಳಿ ರೆಕಾರ್ಡ್ ಮಾಡಿದಾರೆ, ವಿಸಿಟರ್ ಮೈಕ್‌ನಲ್ಲಿ ಏನಾದ್ರೂ ಕೇಳಿದ್ರೆ ಕಂಪ್ಯೂಟರ್ ಹೊಂದೋ ಉತ್ತರ ಹುಡುಕಿ ಹಾಕುತ್ತೆ. ಇಲ್ಲಿವರೆಗೂ ಸರಿ, ಉತ್ತರ ಆ ವ್ಯಕ್ತಿ ಬಾಯಿಂದ ಬಂದಿದ್ದೇ. ಆದ್ರೆ ಅವರು ಹೇಳದೇ ಇದ್ದಿದ್ದನ್ನ ಅವರ ದನಿಲೇ ಹೇಳಿಸೋ ಎಐ ಈಗ ಎಲ್ಲರ ಕೈಲಿದೆ. ಆ ಗೆರೆ ದಾಟಿದ ದಿನ ಅದು ಸಾಕ್ಷಿ ಆಗಿ ಉಳಿಯಲ್ಲ, ಬೊಂಬೆ ಆಗುತ್ತೆ, ಹಿರೋಶಿಮಾದವರು ಕಷ್ಟಪಟ್ಟು ತೆಗೆದಂಥ ಬೊಂಬೆ.

ಇದೆಲ್ಲದಕ್ಕಿಂತ ನಿಜವಾದ ಪಾಲ್ಗೊಳ್ಳುವಿಕೆ ಅಂದ್ರೆ ನನ್ನ ಪ್ರಕಾರ ಬಂದವರ ಕೈಯಿಂದ ಮ್ಯೂಸಿಯಮ್ಮೇ ಬದಲಾಗೋದು. ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆನ 1966ರಲ್ಲಿ ಬಿಳಿಯರ ಪ್ರದೇಶ ಅಂತ ಘೋಷಿಸಿ 60,000 ಜನರನ್ನ ಒಕ್ಕಲೆಬ್ಬಿಸಿ ಮನೆಗಳನ್ನ ನೆಲಸಮ ಮಾಡಿದ್ರು. 1994ರ ಡಿಸೆಂಬರ್‌ನಲ್ಲಿ ಅಲ್ಲಿನ ಹಳೇ ಚರ್ಚ್ ಒಂದರಲ್ಲಿ ಮ್ಯೂಸಿಯಂ ಶುರುವಾಯ್ತು. ಕೆಡವೋ ಕೆಲಸದಲ್ಲಿದ್ದ ಒಬ್ಬ ಮನುಷ್ಯ ಬಿಸಾಡದೆ ಇಟ್ಕೊಂಡಿದ್ದ 75 ಬೀದಿ ಫಲಕಗಳನ್ನ ತಂದು ನೇತುಹಾಕಿದ್ರು, ನೆಲದ ತುಂಬ ಇಡೀ ಬಡಾವಣೆಯ ನಕ್ಷೆ ಹಾಸಿದ್ರು. ಹಳೇ ನಿವಾಸಿಗಳು ಬಂದು, ಬಗ್ಗಿ, ತಮ್ಮ ಬೀದಿ ಹುಡುಕಿ, ಮನೆ ಇದ್ದ ಜಾಗದಲ್ಲಿ ತಮ್ಮ ಹೆಸರು ಬರೆದ್ರು. ಇನ್ನೊಂದು ಉದ್ದದ ಬಟ್ಟೆ ಇದೆ, ಅದರ ಮೇಲೆ ಪೆನ್ನಲ್ಲಿ ಬರೆದದ್ದನ್ನ ಆಮೇಲೆ ದಾರದಲ್ಲಿ ಕಸೂತಿ ಹಾಕಿ ಉಳಿಸ್ತಾರೆ. ಅಲ್ಲಿ ಮ್ಯೂಸಿಯಂ ಜೋಡಿಸೋ ಕ್ಯುರೇಟರ್‌ಗಿಂತ ಹೆಸರು ಬರೆದ ಅಜ್ಜಿಗೇ ಜಾಸ್ತಿ ಗೊತ್ತು, ಮತ್ತು ಮ್ಯೂಸಿಯಂ ಅದನ್ನ ಒಪ್ಕೊಂಡಿದೆ. ಢಾಕಾದ ವಿಮೋಚನಾ ಯುದ್ಧ ಮ್ಯೂಸಿಯಂ 1996ರಲ್ಲಿ ಶುರುವಾಗಿದ್ದೂ ಜನ ಕೊಟ್ಟ ವಸ್ತುಗಳಿಂದ, ಶಾಲೆ ಮಕ್ಕಳನ್ನ ಮನೆ ಹಿರಿಯರ ಹತ್ರ 1971ರ ನೆನಪು ಕೇಳಿ ಬರ್ಕೊಂಡು ಬನ್ನಿ ಅಂತ ಕಳಿಸ್ತಾರೆ. ಇದರಲ್ಲೂ ತೊಡಕಿದೆ, ಅಜ್ಜನ ನೆನಪು ತಪ್ಪಿರಬಹುದು, ಊರಿನ ನೆನಪು ಯಾರನ್ನೋ ಬೇಕಂತಲೇ ಬಿಟ್ಟಿರಬಹುದು, ಅದಕ್ಕೆ ಇತಿಹಾಸಕಾರ ಬೇಡ ಅಂತ ನಾನು ಹೇಳ್ತಿಲ್ಲ. ಬೋರ್ಡ್ ಬರೆಯೋ ಕೈ ಒಂದೇ ಇದ್ದಾಗ ಅದನ್ನ ಹಿಡಿದು ತಿರುಗಿಸೋದು ಸುಲಭ. 60,000 ಜನರ ಹೆಸರನ್ನ ನೆಲದಿಂದ ಅಳಿಸೋಕೆ ಹೋದ್ರೆ ಅವರೇ ಬಂದು ನಿಲ್ತಾರೆ.

ಮಾಂಟ್‌ಗೊಮರಿಯ ಕಂಬಗಳ ವಿಷಯದಲ್ಲಿ ಒಂದು ಹೇಳೋದು ಬಿಟ್ಟಿದ್ದೆ. ಮೇಲೆ ನೇತಾಡೋ ಒಂದೊಂದು ಕಂಬಕ್ಕೂ ಒಂದೊಂದು ಜೋಡಿ ಕಂಬ ಮಾಡ್ಸಿ, ಹೊರಗೆ ಬಯಲಲ್ಲಿ ಸಾಲಾಗಿ ಮಲಗಿಸಿಟ್ಟಿದಾರೆ, ಶವಪೆಟ್ಟಿಗೆಗಳ ತರ. ಆಯಾ ಕೌಂಟಿಯವರು ತಮ್ಮ ಕಂಬನ ಕೇಳಿ ತಗೊಂಡು ಹೋಗಿ ತಮ್ಮೂರಲ್ಲಿ ನಿಲ್ಲಿಸ್ಲಿ ಅಂತ ಯೋಜನೆ. ಯಾರೂ ಬಂದು ಕೇಳದ ಕಂಬ ಅಲ್ಲೇ ಇರುತ್ತೆ, ಕೌಂಟಿಯ ಹೆಸರು ಮೇಲ್ಮುಖವಾಗಿ, ಹೋಗಿ ಬರೋರೆಲ್ಲ ಓದ್ಕೊಂಡು ಹೋಗ್ತಾರೆ.